ಕೈಲಾಶರ ಹೆಸರಿನಲ್ಲಿ ಕೊಟ್ಟ ರಕ್ತ

ಚಿದ್ರಿ, ಬೀದರ್
ಸೋಮವಾರ

ಔರಾದದ ಪಂಢರಿ ಭಾವನವರಿಗೆ ಸಪನಾಳ ನಮಸ್ಕಾರ.

ನಿಮ್ಮ ತಮ್ಮನಿಗೆ ಹೆಪಟೈಟಿಸ್ ಬಿ ಇದೆಯೆಂದು ಹತ್ತು ವರ್ಷದಿಂದ ನಿಮ್ಮ ಮನೆಯಲ್ಲಿ ಅವರ ಲೋಟ ಬೇರೆ. ಹೋದ ತಿಂಗಳು ನಮ್ಮ ಮಗಳನ್ನು ನೋಡಿಹೋದವರು ಅಪ್ಪನ ರಕ್ತದ ರಿಪೋರ್ಟು ಕೇಳಿದಾಗ ಮಾತ್ರ ನಿಮಗೆ ಪ್ರೀತಿ ಉಕ್ಕಿತು. "ನನ್ನ ರಕ್ತ ಸಾಫ್ ಅದ, ಕೈಲಾಶನ ಹೆಸರ ಮ್ಯಾಲ ನಾನೇ ಕೊಡ್ತೇನಿ" ಎಂದಿರಿ. ಇವರೂ ಒಪ್ಪಿ ತಲೆಯಾಡಿಸಿದರು. ಇಬ್ಬರನ್ನೂ ಕಂಡು ಹೇಸಿಗೆಯಾಯಿತು. ಅದು ಇನ್ನೂ ಹೋಗಿಲ್ಲ.

ಇವರ ಹೆಸರಿನಲ್ಲಿ ನೀವು ಕೊಟ್ಟುಹೋದ ರಕ್ತದ ರಿಪೋರ್ಟು ಬಂದಿದೆ. ನಿಮಗೂ ಅದೇ ಸೋಂಕು ಇದೆ. ಲಿವರ್ ಕ್ಯಾನ್ಸರಿನ ಸೂಚನೆ ಮೊದಲೇ ಕೊಡುತ್ತದಂತಲ್ಲ, ಆ ಅಂಶವೂ ಬಹಳ ಹೆಚ್ಚಿದೆ. ಇವರನ್ನು ಎಳೆದುಕೊಂಡು ಹೋಗಿ ಅವರದೇ ರಕ್ತ ಕೊಡಿಸಿದೆ. ಅದರಲ್ಲಿ ಸೋಂಕಿದೆ, ಆ ಅಂಶ ಮಾತ್ರ ಹೆಚ್ಚಿಲ್ಲ. ಗಂಡಿನವರಿಗೆ ಇವರ ಆ ರಿಪೋರ್ಟನ್ನೇ ಕೊಟ್ಟಿದ್ದೇನೆ, ಡಾಕ್ಟರಿಗೂ ನಿಜ ಹೇಳಿದ್ದೇನೆ. "ಒಂದೇ ತಾಯಿ ಮಕ್ಕಳು, ಹುಟ್ಟುವಾಗ್ಲೇ ಇಬ್ಬರಿಗೂ ಬಂದಿರಬೇಕ್ರಿ. ಲಗೂನ ಕರ್ಕೊಂಡ ಬರ್ರಿ" ಎಂದರು.

ಗುರುವಾರ ಮೊದಲ ಬಸ್ಸಿಗೆ ಬನ್ನಿ. ಸ್ಕ್ಯಾನ್ ಇದೆ, ಏನೂ ತಿನ್ನದೆ ಬನ್ನಿ. ಈ ಸಲ ಆಸ್ಪತ್ರೆ ಚೀಟಿ ನಿಮ್ಮ ಹೆಸರಿನಲ್ಲೇ ಮಾಡಿಸುತ್ತೇನೆ. ಊಟ ನಮ್ಮ ಮನೆಯಲ್ಲಿ. ಲೋಟ ತರಬೇಡಿ. ಇಲ್ಲಿ ಯಾರ ಲೋಟವನ್ನೂ ಬೇರೆ ಇಡುವುದಿಲ್ಲ.

ನಿಮ್ಮ ತಮ್ಮನ ಹೆಂಡತಿ,
ಸಪನಾ