ಕೋಲೆಬಸವನ ಉತ್ತರ

ಅಪ್ಪಾ,

ಇವತ್ತು ಕ್ಲಾಸಿನಲ್ಲಿ ಒಂದು ಸರಿಯಾದ ಲೆಕ್ಕವನ್ನೂ ಅಳಿಸಿದೆ, ಅದನ್ನು ಬಿಡಿಸಿದ ಹುಡುಗಿಯನ್ನೂ ಅಳಿಸಿದೆ. ನಗಬೇಡಿ.

ಈ ದೇಶಕ್ಕೆ ಬಂದ ಮೇಲೆ ಇಲ್ಲಿನ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಗಣಿತ ನನ್ನ ಪಾಲಿಗೆ ಬಂದಿದೆ. ಆ ಹುಡುಗಿ ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕ ಮಾಡಿ ನನ್ನ ಮುಖ ನೋಡಿದಳು. ಸರಿಯಾಗಿತ್ತು, ತಲೆಯಾಡಿಸಿದೆ. ಅವಳು ಎಲ್ಲವನ್ನೂ ಅಳಿಸಿ ಮತ್ತೆ ಬರೆದಳು. ಮತ್ತೆ ತಲೆಯಾಡಿಸಿದೆ. ಡಸ್ಟರ್ ಹಿಡಿದುಕೊಂಡೇ ಅಳತೊಡಗಿದಳು.

ಪಕ್ಕದ ಕ್ಲಾಸಿನ ಟೀಚರು ಆಮೇಲೆ ಹೇಳಿದರು: "ನೀವು ಹಾಗೆ ಅತ್ತಿತ್ತ ತಲೆ ಆಡಿಸಿದ್ರೆ ಇಲ್ಲಿ ಮಕ್ಕಳು 'ಇಲ್ಲ' ಅಂದ್ಕೋತಾರೆ. ಬಾಯಿಬಿಟ್ಟು ಹೇಳಿ."

ಚಿಕ್ಕವಳಿದ್ದಾಗ ನೀವೂ ಅದನ್ನೇ ಬೈಯುತ್ತಿದ್ದಿರಿ. "ಕೋಲೆಬಸವನ ಥರ ತಲೆ ಆಡಿಸ್ಬೇಡ. ಬಾಯಿಬಿಟ್ರೆ ಮುತ್ತು ಉದುರುತ್ತಾ?"

ನಾನು ಹೊರಟ ದಿನ ಹಾಸಿಗೆಯಿಂದಲೇ ಕೇಳಿದಿರಿ, "ಹೋಗ್ಲೇಬೇಕಾ?" ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ತಲೆಯಾಡಿಸಿದೆ. ನೀವು ನಕ್ಕು ಕಣ್ಣು ಮುಚ್ಚಿದಿರಿ. ಒಪ್ಪಿಕೊಂಡಿರಿ ಎಂದುಕೊಂಡು ಹೊರಟೆ.

ಅವತ್ತಿನಿಂದ ಉಸಿರು ನಿಲ್ಲುವವರೆಗೂ, ಊಟದ ಹೊತ್ತಿಗೆ ನನಗೂ ಒಂದು ತಟ್ಟೆ ಇಡಲು ಅಕ್ಕನಿಗೆ ಹೇಳುತ್ತಿದ್ದಿರಂತೆ. "ಅಪ್ಪಂಗೆ ಅರಳುಮರಳು ಕಣೇ," ಎಂದು ಅವಳು ಫೋನಿನಲ್ಲಿ ಅತ್ತಿದ್ದಳು. ನಾನೂ ಹೌದೆಂದಿದ್ದೆ.

ನಿಮಗೆ ಅರಳುಮರಳು ಆಗಿರಲಿಲ್ಲ ಅಪ್ಪಾ. ಆ ಹುಡುಗಿಯಂತೆ ನೀವೂ 'ಇಲ್ಲ' ಅಂದುಕೊಂಡಿದ್ದಿರಿ.

ಅಕ್ಕನಿಗೆ ಇದನ್ನು ಹೇಳಿಲ್ಲ. ಈಗಷ್ಟೇ ಫೋನ್ ಮಾಡಿದ್ದಳು.

"ಆ ಊರಿಗೆ ಹೊಂದ್ಕೊಂಡ್ಯಾ?"

ತಲೆಯಾಡಿಸಿದೆ.

"ಹಲೋ," ಎಂದಳು. "ಹಲೋ, ಇದ್ದೀಯೇನೇ?"