ಅಂಗಳದ ಎಕ್ಕ

ಕಾಪು
18-8-2024, ಭಾನುವಾರ

ಪ್ರೀತಿಯ ತಂಗಿ ಚಂಪಾ,

ನಾವು ಕ್ಷೇಮ. ಕುಕ್ಕುಂದೂರಿನಲ್ಲಿ ನೀವೂ ಸೌಖ್ಯವೆಂದು ನಿನ್ನ ಮಗಳು ಆಶ್ರಿತಾ ಹೇಳಿದಳು. ಫೋನ್ ಇರುವಾಗ ಕಾಗದ ಏಕೆಂದು ನಗಬೇಡ. ಫೋನಿನಲ್ಲಿ ನಮ್ಮ ಮಾತು "ಊಟ ಆಯಿತಾ" ಎಂಬುದರಿಂದ ಮುಂದೆ ಹೋಗುವುದಿಲ್ಲ. ನೀನು ನಮ್ಮ ಮೆಟ್ಟಿಲು ಹತ್ತದೆ ಒಂಬತ್ತು ವರ್ಷವಾಯಿತು. ಇದನ್ನು ಬಹಳ ಹಿಂದೆಯೇ ಬರೆಯಬೇಕಿತ್ತು, ತಡ ಮಾಡಿದ್ದು ನಾನೇ.

ನಿನ್ನ ಮಗಳ ಪ್ರತಾಪ ಕೇಳು. ಮಣಿಪಾಲದ ಹಾಸ್ಟೆಲಿನಿಂದ ಭಾನುವಾರ ಇಲ್ಲಿಗೆ ಬರುತ್ತಾಳಲ್ಲ, ಕಳೆದ ವರ್ಷ ಮಳೆ ಶುರುವಾಗುವಾಗ ಒಂದು ಬೀಜದ ಪೊಟ್ಟಣ ತಂದಳು. ಆನ್‌ಲೈನಿನಲ್ಲಿ ತರಿಸಿದ್ದು. ಮೇಲೆ ಮಿಲ್ಕ್‌ವೀಡ್ ಎಂದು ಬರೆದಿತ್ತು. ಈ ಗಿಡವಿದ್ದರೆ ಚಿಟ್ಟೆ ಮೊಟ್ಟೆ ಇಡುತ್ತದೆ, ದುಂಬಿ ಬರುತ್ತದೆ ಎಂದಳು. ಚಟ್ಟಿಯಲ್ಲಿ ಹಾಕಿ ದಿನಾ ಕಾದೆವು, ಒಂದೂ ಮೊಳೆಯಲಿಲ್ಲ. ಕೊನೆಗೆ ಅದೇ ಬಳಗದ ನಮ್ಮ ಊರಿನ ಗಿಡ ಯಾವುದೆಂದು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ನೋಡಿದರೆ ಎಕ್ಕ! ರೈಲು ಹಳಿಯ ಬದಿಯಲ್ಲಿ ಬೇಡವೆಂದರೂ ಬೆಳೆಯುವುದಕ್ಕೆ ನಾವು ಪಾರ್ಸೆಲ್ ತರಿಸಿದ್ದೆವು. ಮಲ್ಪೆಯಿಂದ ಆಗಷ್ಟೇ ಮನೆಗೆ ಬಂದ ನಿನ್ನ ಭಾವ, ಇನ್ನು ಸಮುದ್ರದ ಉಪ್ಪುನೀರನ್ನೂ ತರಿಸುತ್ತೀರಾ ಎಂದು ನಗಾಡಿದರು.

ಮರುದಿನವೇ ಒಂದು ಗೆಲ್ಲು ತಂದು ಎದುರು ಅಂಗಳದಲ್ಲಿ ನೆಟ್ಟೆ. ಪಕ್ಕದ ಮನೆಯ ಹರ್ಷಿಣಿ ಬೇಲಿಯಾಚೆಯಿಂದ ನೋಡಿ, "ಎಂತ ವಾರಿಜಕ್ಕ, ಹಾಳು ಬಿದ್ದ ಮನೆಯಲ್ಲಿ ಅಲ್ವಾ ಎಕ್ಕ ಹುಟ್ಟುವುದು?" ಎಂದಳು. ಚೌತಿಗೆ ಗಣಪತಿಗೆ ಹೂವು ಬೇಕಲ್ಲ ಎಂದು ಬಾಯಿ ಮುಚ್ಚಿಸಿದೆ. ಆದರೂ ಅವಳ ಮಾತು ನನಗೆ ಚುಚ್ಚಿತು.

ಈಗ ಗಿಡ ನನ್ನ ಎತ್ತರ ಉಂಟು. ಕೇಸರಿ ಬಣ್ಣದ ಚಿಟ್ಟೆಗಳು ಬರುತ್ತವೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು ಎಲೆ ತಿಂದು ತೂತು ಮಾಡುತ್ತವೆ. ಕೈಗೆ ತಾಗಿದರೆ ಉರಿಯುವ ಆ ಹಾಲನ್ನೇ ಕುಡಿದು ಇವು ಹೇಗೆ ಬೆಳೆಯುತ್ತವೋ. ಬೆಳಿಗ್ಗೆ ದೋಸೆ ಹೊಯ್ಯುವುದನ್ನು ಬಿಟ್ಟು ನೋಡುತ್ತ ನಿಲ್ಲುತ್ತೇನೆ, ದೋಸೆ ಕರಕಲಾಗುತ್ತದೆ.

ಹೋದ ವಾರ ಆಶ್ರಿತಾಳಿಗೆ, ಒಂದು ಗೆಲ್ಲು ನಿಮ್ಮ ಮನೆಗೂ ಕೊಂಡುಹೋಗು ಎಂದೆ. "ಬೇಡ ದೊಡ್ಡಮ್ಮ, ಎಕ್ಕದ ಸಸಿ ಕಂಡರೆ ಅಮ್ಮ ಬುಡಸಮೇತ ಕೀಳುತ್ತಾರೆ. ನಾನು ಸಣ್ಣವಳಿರುವಾಗಿನಿಂದ ಹಾಗೆಯೇ" ಎಂದಳು. ಅಂದಿನಿಂದ ನನಗೆ ಊಟ ರುಚಿಸುತ್ತಿಲ್ಲ.

ಈ ಚೌತಿಗೆ ನೀನು ಬರಬೇಕು. ನಿನ್ನ ಯಜಮಾನರು ಭೋಜರಿಗೆ ನಮ್ಮ ನಮಸ್ಕಾರ ತಿಳಿಸು. ನಿನ್ನ ಸೊಂಟನೋವು ಬೇಗ ಗುಣವಾಗಲಿ, ದೇವರು ನಿನ್ನನ್ನು ನಗುನಗುತ್ತ ಇಡಲಿ.

ನಿನ್ನ ಅಕ್ಕ
ವಾರಿಜಾ

ತಾ.ಕ.: ನಿನ್ನ ಹೊಸ ಮನೆಯ ಒಕ್ಕಲಿನ ದಿನ, ಹಾಲು ಉಕ್ಕಿಸಲು ಅಕ್ಕನನ್ನು ಬಿಟ್ಟು ನಾದಿನಿಯನ್ನು ಕರೆದೆಯೆಂದು ನನಗೆ ಸಿಟ್ಟು ಬಂದಿತ್ತು. ಬಾವಿಕಟ್ಟೆಯ ಹತ್ತಿರ ನಿಂತು, "ಈ ಅಂಗಳದಲ್ಲಿ ಎಕ್ಕ ಹುಟ್ಟಲಿ" ಎಂದುಬಿಟ್ಟೆ. ಯಾರಿಗೂ ಕೇಳಿಸಲಿಲ್ಲ ಎಂದುಕೊಂಡಿದ್ದೆ. ಆ ದೀಪಾವಳಿಗೆ ನಿನ್ನ ಹೊಟ್ಟೆಯ ಮಗು ನಿಲ್ಲಲಿಲ್ಲ. ನಾನು ಆಸ್ಪತ್ರೆಗೆ ಬಂದಾಗ ನೀನು ಗೋಡೆಯ ಕಡೆ ತಿರುಗಿ ಮಲಗಿದೆ, ನೋವಿಗೆಂದು ತಿಳಿದೆ. ನಿನಗೆ ಕೇಳಿಸಿತ್ತು ಎಂದು ಈಗ ಗೊತ್ತಾಯಿತು. ನನ್ನನ್ನು ಕ್ಷಮಿಸು ಚಂಪಾ. ಎಕ್ಕ ನನ್ನ ಅಂಗಳದಲ್ಲಿ ಉಂಟು, ಬಂದು ನೋಡು. ನೋಡಿದ ಮೇಲೂ ಮನಸ್ಸು ಒಪ್ಪದಿದ್ದರೆ ನೀನೇ ಕೀಳು, ಇನ್ನೊಂದು ಕಡೆಯಿಂದ ನಾನೂ ಎಳೆಯುತ್ತೇನೆ.