ಬಸವನಹುಳುವಿಗೆ ಆಮ್ಲಜನಕ, ಮೀನುಗಾರನಿಗೆ ಟಾರ್ಚು

ಕಡಲ ವಿಷ ಹಿಡಿದು ನರಗಳ ಗುಟ್ಟು ಬಿಡಿಸುವ ಸಂಶೋಧನಾಲಯದ ಮಾನ್ಯ ನಿರ್ದೇಶಕರೇ,

ಗಂಡ ಇನ್ನೂ ಬದುಕಿದ್ದಾಗಲೇ ನಾನು ಅವನಿಗೆ ಉಸಿರು ಊದುವುದನ್ನು ನಿಲ್ಲಿಸಿದೆ. ನಿಲ್ಲಿಸಬಾರದೆಂದು ನಿಮಗೆ ಗೊತ್ತಿತ್ತು. ನಮಗೆ ಹೇಳಲಿಲ್ಲ. ಇದೇ ನನ್ನ ದೂರು.

ಸೆಬು ಕಡಲಿನ ಈ ದ್ವೀಪದಲ್ಲಿ ಆಳಕ್ಕೆ ಬಲೆ ಬಿಟ್ಟು ನಿಮಗೆ ವಿಷದ ಬಸವನಹುಳು ಜೀವಂತ ಹಿಡಿದುಕೊಡುವವರು ನಾವು. ಅವು ದಾರಿಯಲ್ಲಿ ಸಾಯದಿರಲೆಂದು ದೋಣಿಕಟ್ಟೆಗೆ ಆಮ್ಲಜನಕದ ಸಿಲಿಂಡರ್ ಕಳಿಸಿದಿರಿ. ಹುಳು ಸಾಗಿಸುವ ಚೀಲಕ್ಕೆ ಎಷ್ಟು ತುಂಬಬೇಕೆಂದು ನಮ್ಮ ವಿಸಾಯ ಭಾಷೆಯಲ್ಲೇ ಚೀಟಿ ಅಂಟಿಸಿದಿರಿ. ಎಂಥ ಕರುಣೆ! ಹುಳು ಮನುಷ್ಯನನ್ನು ಚುಚ್ಚಿದರೆ ಏನು ಮಾಡಬೇಕೆಂಬ ಒಂದು ಸಾಲಿಗೆ ಮಾತ್ರ ಆ ಚೀಟಿಯಲ್ಲಿ ಜಾಗ ಸಾಲಲಿಲ್ಲವೇ?

ಕಳೆದ ಮಾರ್ಚ್‌ನ ಒಂದು ಬೆಳಿಗ್ಗೆ, ಬಲೆಯಿಂದ ಬಿಡಿಸುವಾಗ ಹುಳು ನನ್ನ ಗಂಡ ನಿಕಾಸಿಯೊನ ಅಂಗೈಗೆ ತನ್ನ ವಿಷದ ಮುಳ್ಳು ಚುಚ್ಚಿತು. "ಇರುವೆ ಕಚ್ಚಿದಷ್ಟೂ ಇಲ್ಲ ಕಣೇ" ಎಂದು ನಕ್ಕ. ಸ್ವಲ್ಪ ಹೊತ್ತಿಗೆ ನಾಲಿಗೆ ತೊದಲಿತು. "ಏನ್ ಭಾವ, ಬೆಳಬೆಳಿಗ್ಗೆನೇ ಹೆಂಡ ಏರಿಸ್ಬಿಟ್ರಾ?" ಎಂದು ನನ್ನ ತಮ್ಮ ರೇಗಿಸಿದ. ದಡ ಸೇರುವಷ್ಟರಲ್ಲಿ ಉಸಿರು ನಿಂತಿತು. ಆರೋಗ್ಯ ಕೇಂದ್ರದ ನೆಲದ ಮೇಲೆ ಇಪ್ಪತ್ತು ನಿಮಿಷ ಬಾಯಿಗೆ ಬಾಯಿಟ್ಟು ಊದಿದೆ. ಅಲ್ಲಿನ ದಾದಿ ಅವನ ಕಣ್ಣಿಗೆ ಟಾರ್ಚು ಬಿಟ್ಟಳು.

"ಕಣ್ಣು ಮಿಟುಕ್ತಿಲ್ಲ. ಹೋಗ್ಬಿಟ್ರು, ಬಿಡಕ್ಕಾ."

"ಎದೆ ಹೊಡ್ಕೋತಿದೆ ಕಣೇ, ಮುಟ್ಟಿ ನೋಡು!"

"ಅದು ನಿನ್ ಕೈ ನಡುಗ್ತಿರೋದು."

ಬಿಟ್ಟೆ. ಅವನ ತಲೆಯ ಬಳಿಯೇ ಯಾರೋ ಅಂದರು: "ಉದ್ದ ಆಳು, ಐದೂವರೆ ಅಡಿ ಹೆಣದ ಪೆಟ್ಟಿಗೆ ಸಾಲಲ್ಲ."

ಎಂಟು ತಿಂಗಳ ಮೇಲೆ ನಿಮ್ಮ ವಿಜ್ಞಾನಿಯೊಬ್ಬರು ನಮ್ಮ ಸಂಘಕ್ಕೆ ಬಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಈ ವಿಷದಲ್ಲಿರುವ ಪೆಪ್ಟೈಡ್ ಎಂಬ ಒಂದು ಅಂಶ ನರಕ್ಕೂ ಸ್ನಾಯುವಿಗೂ ನಡುವಿನ ಬಾಗಿಲನ್ನಷ್ಟೇ ಮುಚ್ಚುತ್ತದಂತೆ, ಬುದ್ಧಿಯನ್ನು ಮುಟ್ಟುವುದಿಲ್ಲವಂತೆ. ಅದಕ್ಕೇ ನಿಮಗದು ಅಷ್ಟು ಅಚ್ಚುಮೆಚ್ಚಿನ ಉಪಕರಣವಂತೆ.

"ಹಾಗಾದ್ರೆ ಕಿವಿ ಕೇಳಿಸುತ್ತಾ?" ಎಂದೆ.

"ಕೇಳಿಸುತ್ತೆ. ಊದ್ತಾನೇ ಇದ್ರೆ ಕೆಲವು ಗಂಟೆಲಿ ವಿಷ ಇಳಿದು..." ನನ್ನ ಮುಖ ನೋಡಿ ಅವರು ಪರದೆಯ ಚಿತ್ರ ಆರಿಸಿದರು.

ನಿಕಾಸಿಯೊ ಎಲ್ಲಿಯವರೆಗೆ ಕೇಳಿಸಿಕೊಂಡ, ಮಾನ್ಯರೇ? ದಾದಿಯ ಮಾತಿನವರೆಗೆ? ಪೆಟ್ಟಿಗೆಯ ಅಳತೆಯವರೆಗೆ? ಅವನ ಬಾಯಿಂದ ನಾನು ನನ್ನ ಬಾಯಿ ತೆಗೆದದ್ದು ಅವನಿಗೆ ತಿಳಿಯಿತೇ? ನರದ ಒಂದೊಂದೇ ಬಾಗಿಲು ಮುಚ್ಚಿ ಇಣುಕುವವರು ನೀವು, ಹೇಳಿ.

ಸಂಶೋಧನೆ ನಿಲ್ಲಿಸಿ ಎನ್ನುತ್ತಿಲ್ಲ. ಲೋಕಕ್ಕೆ ಔಷಧಿ ಸಿಗಲಿ, ನಿಮಗೆ ಪ್ರಶಸ್ತಿ ಸಿಗಲಿ. ಆದರೆ ನೀವು ಹುಳು ಕೊಳ್ಳುವ ಪ್ರತಿ ದ್ವೀಪದ ಆರೋಗ್ಯ ಕೇಂದ್ರಕ್ಕೂ ಕೈಯಲ್ಲಿ ಒತ್ತಿ ಉಸಿರು ತುಂಬುವ ಚೀಲ ಬರಬೇಕು. ದೊಡ್ಡಾಸ್ಪತ್ರೆ ಮುಟ್ಟುವವರೆಗೆ ನಿಲ್ಲಿಸಬೇಡಿ ಎಂದು ಗೋಡೆಯ ಮೇಲೆ ವಿಸಾಯದಲ್ಲಿ ಬರೆಸಬೇಕು. ಅಲ್ಲಿಯವರೆಗೆ ನಿಮಗಾಗಿ ನಮ್ಮ ಒಂದು ಬಲೆಯೂ ನೀರಿಗಿಳಿಯದು.

ನಿನ್ನೆ ಬಲೆ ಮಡಚುತ್ತಾ ತಮ್ಮ ಕೇಳಿದ: "ಅಕ್ಕಾ, ನಂಗೆ ಚುಚ್ಚಿದ್ರೆ ಎಷ್ಟೊತ್ತು ಊದ್ತೀಯಾ?"

"ನೀನೇ ಎದ್ದು ಸಾಕು ಅನ್ನೋವರ್ಗೂ ಕಣೋ."

ಇಂತಿ,
ಒಮ್ಮೆ ಬೇಗ ನಿಲ್ಲಿಸಿಬಿಟ್ಟ
ಎಪಿಫಾನಿಯಾ ತುಮುಲಾಕ್
ಕಾರ್ಯದರ್ಶಿ, ದ್ವೀಪದ ಮೀನುಗಾರರ ಸಂಘ